ರಸ್ತೆ ಅಗಲೀಕರಣದ ಗುರುತು ಬಿದ್ದ ಹಳೇ ಕಟ್ಟಡ: ಮುಂಭಾಗ ಅಷ್ಟೇ ತೆಗೀಬೇಕೋ, ಪೂರ್ತಿ ಕೆಡವಬೇಕೋ?

ಪೇಟೆ_ಅಂಗಡಿ (ಪ್ರಶ್ನೆ)

ಹುಬ್ಬಳ್ಳಿ ಹಳೇ ಪೇಟೆಯಲ್ಲಿರುವ ಎರಡು ಅಂತಸ್ತಿನ ಕಟ್ಟಡದ ಬಗ್ಗೆ ಸಲಹೆ ಬೇಕು. ಅಗಲ 24 ಫೂಟು, ಹಿಂದಕ್ಕೆ 60 ಫೂಟು. ಮುಂದಿನ ಗೋಡೆ ಒಂದೂವರೆ ಫೂಟು ದಪ್ಪದ ಕಲ್ಲಿನದು, ಒಳಗೆ ಮಣ್ಣಿನ ಗಾರೆ. ಮುಂದಿನ 16 ಫೂಟಿನಲ್ಲಿ ಎರಡು ಮಳಿಗೆ, ನಡುವೆ ಗೋಡೆ. ಅವುಗಳ ಮೇಲೆ ಕಬ್ಬಿಣದ ಗರ್ಡರ್ ಇಟ್ಟು ಇಟ್ಟಿಗೆ ಕಮಾನು ಕಟ್ಟಿದ ಛತ್ತು. ಗರ್ಡರುಗಳು ರಸ್ತೆಗೆ ಸಮಾನಾಂತರವಾಗಿ 4 ಫೂಟಿಗೆ ಒಂದರಂತೆ ಇವೆ. 16 ಫೂಟಿಗೆ ಒಂದು ಅಡ್ಡಗೋಡೆ ಬರುತ್ತದೆ. ಅದರಾಚೆ ಪೂರ್ತಿ ಸಾಗವಾನಿ ಕಂಬ, ತೊಲೆ, ಜಂತಿ, ಹಲಗೆ. ಮೇಲೆ ಮಂಗಳೂರು ಹಂಚು.

ಸರ್ವೆಯವರು ಮುಂದಿನಿಂದ 11 ಫೂಟಿಗೆ ಕೆಂಪು ಗುರುತು ಹಾಕಿದ್ದಾರೆ. ಆದರೆ ನಕ್ಷೆ ಬದಲಾಗುತ್ತದೆ ಅಂತ ಈಗ ಮಾತು ಬರ್ತಿದೆ. ಫ್ಲೈಓವರ್ ಜೋಡಣೆ ಬೇರೆ ಕಡೆ ಹೋಗ್ತದಂತ ಒಬ್ಬರು ಅಂದರೆ, ಬಿ.ಆರ್.ಟಿ.ಎಸ್. (ಬಸ್ಸಿಗೇ ಮೀಸಲಾದ ಪಥ) ಜಾಗಕ್ಕೆ ಬೇರೆ ಸಾರಿಗೆ ಬರ್ತದಂತ ಇನ್ನೊಬ್ಬರು ಅಂತಾರೆ. ಈಗಲೇ ಒಡೆದು ಕೈತೊಳ್ಕೊಳ್ಳೋದು ಸರಿಯೋ, ಕಾಯೋದು ಸರಿಯೋ? 11 ಫೂಟು ಹೋದರೆ ಉಳಿದದ್ದು ನಿಲ್ಲುತ್ತದೆಯೇ? ನಿಂತರೆ ಯಾವ ಬಳಕೆಗೆ ಬರುತ್ತದೆ? ಅಕ್ಕಪಕ್ಕದ ಎರಡೂ ಗೋಡೆ ನೆರೆಯವರ ಜೊತೆ ಜಂಟಿ.

---

ಉತಾರ_ಕಾಗದ

ಗೋಡೆ ಮೇಲಿನ ಕೆಂಪು ಬಣ್ಣ ಅಂದರೆ ಭೂಸ್ವಾಧೀನ ಆಯ್ತು ಅಂತಲ್ಲ. ನಿಮ್ಮ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಹೆಸರಿಸಿ ಅಧಿಸೂಚನೆ ಬಂದಿದೆಯೇ, ಬಂದಿದ್ದರೆ ಯಾವ ಕಾಯ್ದೆಯಡಿ ಬಂದಿದೆ, ಇವೆರಡು ಗೊತ್ತಾಗುವ ತನಕ ಒಂದು ಕಲ್ಲನ್ನೂ ಅಲುಗಾಡಿಸಬೇಡ್ರಿ.

ದಾರಿ ಎರಡು. 2013ರ ಭೂಸ್ವಾಧೀನ ಕಾಯ್ದೆಯಡಿ ಆದರೆ ಕಲಂ 11ರ ಪ್ರಾಥಮಿಕ ಅಧಿಸೂಚನೆ ಬರುತ್ತದೆ, ಆಕ್ಷೇಪಣೆಗೆ 60 ದಿನ. ಅದರಿಂದ 12 ತಿಂಗಳೊಳಗೆ ಕಲಂ 19ರ ಘೋಷಣೆ ಆಗದೆ, ಸರಕಾರ ಗಡುವನ್ನೂ ವಿಸ್ತರಿಸದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ. ಘೋಷಣೆಯಾಗಿ 12 ತಿಂಗಳೊಳಗೆ ಅವಾರ್ಡ್ (ಪರಿಹಾರ ನಿಗದಿಯ ಆದೇಶ) ಆಗಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಆದರೆ ಕಲಂ 3ಎ ಅಧಿಸೂಚನೆ, ಆಕ್ಷೇಪಣೆಗೆ ಬರೀ 21 ದಿನ, ಒಂದು ವರ್ಷದೊಳಗೆ 3ಡಿ ಘೋಷಣೆ. ಕೋರ್ಟಿನ ತಡೆಯಾಜ್ಞೆ ಇದ್ದ ಕಾಲ ಈ ಲೆಕ್ಕಕ್ಕೆ ಸೇರಲ್ಲ. ಯೋಜನೆ ಬದಲಾಗುವ ಕಾಲದಲ್ಲಿ ಈ ಗಡುವುಗಳೇ ನಿಮ್ಮ ಕೈಯಲ್ಲಿರುವ ಅಳತೆಗೋಲು. ಹಳೇ ಅಧಿಸೂಚನೆಯ ತಾರೀಖು ನೋಡಿದರೆ ಅದು ಜೀವಂತ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ನೀವೇ ಮುಂಚೆ ಒಡೆದರೆ ಏನು ಹೋಗುತ್ತದೆ ಅಂತ ಕೇಳಿದರೆ, ಕಟ್ಟಡದ ಬೆಲೆಯೇ ಹೋಗುತ್ತದೆ. 2013ರ ಕಾಯ್ದೆಯಲ್ಲಿ ಜಮೀನಿನ ಬೆಲೆ ಬೇರೆ, ಅದರ ಮೇಲಿನ ಕಟ್ಟಡದ ಬೆಲೆ ಬೇರೆ. ಎರಡರ ಮೊತ್ತದ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಅಷ್ಟೇ ಮೊತ್ತ ಹೆಚ್ಚುವರಿಯಾಗಿ. ಮೋಜಣಿಗೆ ಬಂದ ದಿನ ಅಲ್ಲಿ ಕಟ್ಟಡವೇ ಇಲ್ಲದಿದ್ದರೆ ಇಂಜಿನಿಯರ್ ಏನನ್ನು ಅಳೆಯಬೇಕು? ಕಂಬದ ಸೈಜು, ತೊಲೆ, ಗರ್ಡರ್ ಸಂಖ್ಯೆ, ಫರಸಿ, ಕಲ್ಲಿನ ಗೋಡೆಯ ದಪ್ಪ, ಎಲ್ಲವೂ ಪಂಚನಾಮೆಯಲ್ಲಿ ಬರೆಯಿಸಿಕೊಂಡು ಸಹಿ ಹಾಕ್ರಿ. ‘ಹಳೇ ಕಟ್ಟಡ, ಹಂಚಿನ ಛಾವಣಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಸಹಿ ಮಾಡುವಾಗಲೇ ಆಕ್ಷೇಪ ಬರೆಯಿರಿ. ಒಡೆದ ಸಾಮಾನು ಯಾರಿಗೆ ಸೇರಬೇಕು ಅನ್ನೋದೂ ಬರಹದಲ್ಲಿರಲಿ.

ನಿಮ್ಮಂಥ ಕಟ್ಟಡಕ್ಕೆ ಇನ್ನೂ ಮುಖ್ಯವಾದದ್ದು ಅದೇ ಕಾಯ್ದೆಯ ಕಲಂ 94. ಕಟ್ಟಡದ ಒಂದು ಭಾಗ ಮಾತ್ರ ತಗೊಳ್ಳುವಾಗ, ಪೂರ್ತಿ ಕಟ್ಟಡ ತಗೊಳ್ರಿ ಅಂತ ಮಾಲೀಕರು ಕೇಳಬಹುದು. ಅವಾರ್ಡ್ ಆಗುವ ಮುನ್ನ ಬರಹದಲ್ಲಿ ಕೊಡಬೇಕು. ಪೂರ್ತಿ ಕೊಡಲು ಮನಸ್ಸಿಲ್ಲದಿದ್ದರೂ, ಉಳಿದ ಭಾಗಕ್ಕೆ ಆಗುವ ಹಾನಿಯನ್ನು ಬಲವಾಗಿ ಕೇಳಲು ಈ ಕಲಂ ನೆಲೆ ಕೊಡುತ್ತದೆ. ಸರಕಾರವೇ ಯೋಜನೆ ಕೈಬಿಟ್ಟು ಸ್ವಾಧೀನ ಹಿಂತೆಗೆದುಕೊಂಡರೆ, ಅಧಿಸೂಚನೆಯಿಂದಾಗಿ ನಿಮಗಾದ ನಷ್ಟಕ್ಕೆ ಕಲಂ 93ರಡಿ ಪರಿಹಾರ ಕೇಳಬಹುದು. ಹೆದ್ದಾರಿ ಕಾಯ್ದೆಯ ದಾರಿಯಲ್ಲಿ ಪರಿಹಾರದ ಲೆಕ್ಕಕ್ಕೆ 2013ರ ಕಾಯ್ದೆಯ ಅನುಸೂಚಿ ಅನ್ವಯಿಸುತ್ತದೆ, ಮೊತ್ತದ ತಕರಾರು ಮಾತ್ರ ಕಲಂ 3ಜಿ ಕೆಳಗೆ ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಮುಂದೆ ಹೋಗುತ್ತದೆ.

ಸಿಟಿ ಸರ್ವೆ ಕಚೇರಿಯಿಂದ ಪಿ.ಆರ್. ಕಾರ್ಡು (ಆಸ್ತಿಯ ದಾಖಲೆ) ಮತ್ತು ನಕ್ಷೆಯ ನಕಲು ಇವತ್ತೇ ತೆಗೆಸ್ರಿ. ಪೇಟೆಯ ಹಳೇ ಕಟ್ಟಡಗಳಲ್ಲಿ ಮುಂದಿನ ಕಟ್ಟೆ, ಪಾವಟಿಗೆ ಎಷ್ಟೋ ಸಲ ಹದ್ದಿನ ಆಚೆ ಇರುತ್ತವೆ. 11 ಫೂಟು ಅಂತ ಅಳೆದದ್ದು ಕಟ್ಟೆಯ ಅಂಚಿನಿಂದಲೋ ಗೋಡೆಯಿಂದಲೋ ಅನ್ನೋದರ ಮೇಲೆ ಎರಡು-ಮೂರು ಫೂಟು ಹೆಚ್ಚುಕಡಿಮೆ ಆಗುತ್ತದೆ. ಬಾಡಿಗೆದಾರರಿದ್ದರೆ ಅವರ ಕರಾರು, ಲೈಸೆನ್ಸ್ ಪ್ರತಿಗಳನ್ನೂ ಕೂಡಿಸಿಡ್ರಿ. ಅಲ್ಲೇ ಮೂರು ವರ್ಷ ದುಡಿದು ಬದುಕುತ್ತಿರುವ ಬಾಡಿಗೆದಾರರೂ ಕಾಯ್ದೆಯ ಪ್ರಕಾರ ಬಾಧಿತ ಕುಟುಂಬವೇ.

---

ಸಿವಿಲ್_ಧಾರವಾಡ

ಮೇಲಿನವರು ಕಾಗದದ ಗೆರೆ ಹೇಳಿದರು. ಕಟ್ಟಡಕ್ಕೂ ಒಂದು ಗೆರೆ ಇರುತ್ತದೆ, ಅದು ಸರ್ವೆಯವರ ಗೆರೆಗೆ ಕೂಡಿಬರೋದು ಅಪರೂಪ. ನಿಮ್ಮಲ್ಲಿ ಗರ್ಡರುಗಳು 4, 8, 12 ಫೂಟಿಗೆ ಇವೆ. 11ರ ಗುರುತು ಮೂರನೇ ಕಮಾನಿನ ಹೊಟ್ಟೆಯ ಮೇಲೆ ಬಿದ್ದಿದೆ. ಅಲ್ಲಿ ಕತ್ತರಿಸಲು ಬರೋದೇ ಇಲ್ಲ. ಅರ್ಧ ಕಮಾನು ಅನ್ನುವ ವಸ್ತು ನಿಲ್ಲಲ್ಲ.

ಕಮಾನು ಛತ್ತು ಕೆಳಕ್ಕೆ ಮಾತ್ರ ಒತ್ತಲ್ಲ, ಪಕ್ಕಕ್ಕೂ ಒತ್ತುತ್ತದೆ. ನಡುವಿನ ಗರ್ಡರುಗಳಲ್ಲಿ ಎಡಬಲದ ಒತ್ತಡ ಒಂದಕ್ಕೊಂದು ಸಮ ಆಗುತ್ತದೆ. ಕೊನೆಯ ಕಮಾನಿನ ಒತ್ತಡವನ್ನು ರಸ್ತೆ ಕಡೆ ನಿಮ್ಮ ಕಲ್ಲಿನ ಗೋಡೆ ತಡೆದು ನಿಂತಿದೆ. ಆ ಗೋಡೆ ತೆಗೆದ ಕೂಡಲೇ ಮೊದಲ ಗರ್ಡರ್ ರಸ್ತೆ ಕಡೆ ಸರಿಯುತ್ತದೆ. ಒಂದು ಇಂಚು ಸರಿದರೂ ಸಾಕು, ಕಮಾನಿನ ಇಟ್ಟಿಗೆ ಸಡಿಲಾಗಿ ಒಂದರ ಹಿಂದೆ ಒಂದು ಕುಸಿಯುತ್ತವೆ. ‘ಮುಂದಿನ ಗ್ವಾಡಿ ಅಷ್ಟೇ ತೆಗದ್ವಿ, ಹಿಂದಿಂದು ತಾನ ಬಿತ್ತು’ ಅಂತ ಹೇಳುವ ಅಪಘಾತಗಳ ಕಾರಣ ಹೆಚ್ಚಾಗಿ ಇದೇ.

ಹಾಗಾಗಿ ನಿಮ್ಮ ಮುಂದೆ ಇರುವ ಆಯ್ಕೆ ಎರಡೇ.

ಒಂದು, 16 ಫೂಟಿನ ಅಡ್ಡಗೋಡೆಯ ತನಕ ಪೂರ್ತಿ ತೆಗೆಯೋದು. ಕಮಾನೇ ಉಳಿಯದ ಕಾರಣ ಪಕ್ಕದ ಒತ್ತಡದ ಪ್ರಶ್ನೆ ಬರಲ್ಲ. ಹಿಂದಿನ ಕಟ್ಟಿಗೆ ಚೌಕಟ್ಟು ತನ್ನ ಕಂಬದ ಮೇಲೆ ತಾನು ನಿಲ್ಲುತ್ತದೆ. 11ರಿಂದ 16ರ ತನಕದ 5 ಫೂಟು ಜಾಗ ನಿಮ್ಮದೇ. ಅಲ್ಲಿ ಹಗುರ ಪತ್ರಾಸಿನ ಪಡಸಾಲೆ ಮಾಡಬಹುದು, ಬಯಲು ಬಿಡಲೂಬಹುದು. ಈ 5 ಫೂಟಿನ ಕಟ್ಟಡವೂ ರಸ್ತೆಯ ಕಾರಣಕ್ಕೇ ಹೋಗೋದರಿಂದ ಪರಿಹಾರದ ಅರ್ಜಿಯಲ್ಲಿ ಇದನ್ನೂ ಸೇರಿಸಬೇಕು. ಇಂಜಿನಿಯರ್ ವರದಿಯಲ್ಲಿ ‘11 ಫೂಟಿಗೆ ಕತ್ತರಿಸಲು ಅಸಾಧ್ಯ, ಹತ್ತಿರದ ಸುರಕ್ಷಿತ ಗೆರೆ 16 ಫೂಟು’ ಅಂತ ಕಾರಣ ಸಮೇತ ಬರೆಸ್ರಿ.

ಎರಡು, 12 ಫೂಟಿನ ಗರ್ಡರ್ ಉಳಿಸಿ ಕೊನೆಯ ಒಂದು ಕಮಾನನ್ನು ಕಾಯ್ದುಕೊಳ್ಳೋದು. ಹೀಗೆ ಮಾಡುವುದಾದರೆ ಒಡೆಯುವ ಮುನ್ನವೇ ಟೈ ರಾಡ್ (ಗರ್ಡರನ್ನು ಹಿಂದಕ್ಕೆ ಎಳೆದು ಹಿಡಿಯುವ ಕಬ್ಬಿಣದ ಸರಳು) ಹಾಕಬೇಕು. 12ರ ಗರ್ಡರಿನ ನಡುಪಟ್ಟಿಯಲ್ಲಿ ತೂತು ಕೊರೆದು, 16ರ ಗೋಡೆಯ ಹಿಂದಕ್ಕೆ ರಾಡ್ ಹಾಯಿಸಿ, ಹಿಂದೆ 8 ಇಂಚು ಚೌಕದ, 10 ಎಂ.ಎಂ. ದಪ್ಪದ ಪ್ಲೇಟು ಹಾಕಿ ನಟ್ಟು ಬಿಗಿಯಬೇಕು. 4 ಫೂಟಿನ ಕಮಾನಿಗೆ ಲೆಕ್ಕದಲ್ಲಿ 16 ಎಂ.ಎಂ. ರಾಡ್ ಸಾಲುತ್ತದೆ, ತುಕ್ಕಿನ ಲೆಕ್ಕ ಹಿಡಿದು 20 ಎಂ.ಎಂ. ಇರಲಿ. ನಾಲ್ಕು ಫೂಟಿಗೆ ಒಂದರಂತೆ ಮಳಿಗೆಗೆ ಮೂರು, ಒಟ್ಟು ಆರು. ಬಿಗಿಯೋದು ಕೈಪಾನಾದಿಂದ ಗಟ್ಟಿಯಾಗುವ ತನಕ ಅಷ್ಟೇ. ಜೋರು ಮಾಡಿದರೆ ಮಣ್ಣಿನ ಗಾರೆಯ ಗೋಡೆಯಲ್ಲಿ ಪ್ಲೇಟು ಒಳಗೆ ಹೂತುಕೊಳ್ಳುತ್ತದೆ. ಅದಕ್ಕೂ ಮೊದಲು ಮುಂದಿನ ಗೋಡೆಯ ಹೊರಗೆ, ಛತ್ತಿನ ಮಟ್ಟದಲ್ಲಿ, ಹಳೇ ನಟ್ಟುಗಳು ಕಾಣುತ್ತವೆಯೇ ನೋಡ್ರಿ. ಕಟ್ಟಿದವರೇ ಕೊನೆಯ ಕಮಾನಿಗೆ ರಾಡ್ ಹಾಕಿರೋದುಂಟು. ಇದ್ದರೆ ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ತಿಳಿಯದೆ ಕತ್ತರಿಸಬಾರದು.

ಗರ್ಡರ್ ಗಟ್ಟಿ ಇದೆಯೇ ಅನ್ನೋದನ್ನು ನಡುವೆ ನೋಡಿ ಹೇಳಲು ಬರಲ್ಲ. ಗೋಡೆಯೊಳಗೆ ಹೊಕ್ಕ ತುದಿಯಲ್ಲೇ ತುಕ್ಕು ಹಿಡಿಯೋದು. ಎರಡು-ಮೂರು ಕಡೆ ಆರು ಇಂಚು ಗೋಡೆ ಬಿಡಿಸಿ, ತುಕ್ಕು ಕೆರೆದು, ಕೆಳಪಟ್ಟಿಯ ದಪ್ಪ ವರ್ನಿಯರಿನಿಂದ ಅಳೆಯಿರಿ. ನಡುವಿನ ದಪ್ಪಕ್ಕಿಂತ ಕಾಲುಭಾಗ ಕಡಿಮೆಯಾಗಿದ್ದರೆ ಎರಡನೇ ಆಯ್ಕೆ ಬಿಟ್ಟುಬಿಡ್ರಿ.

ನನ್ನ ಅಭಿಪ್ರಾಯ ಮೊದಲನೆಯದಕ್ಕೇ. ಒಂದು ಕಮಾನಿನ ನಾಲ್ಕು ಫೂಟು ಉಳಿಸಲು ಇಷ್ಟು ಹೊರೆ ಹೊರುವುದು ಬೇಡ.

---

ಗೌಂಡಿ_ಕೆಲಸ

ಒಡಿಯೂ ರೀತಿ ಹೇಳ್ತೀನ್ರಿ. ಜೆ.ಸಿ.ಬಿ. ಮೊದಲ ದಿನ ಬರಬಾರದು. ಮೊದಲ ಹೆಸ್ಕಾಂ ಸರ್ವಿಸ್ ವೈರ್ ಕಂಬದ ಕಡಿಂದನ ತೆಗಸ್ರಿ, ಮೀಟರ್ ಬಿಚ್ಚಿದರ ಸಾಲೂದಿಲ್ಲ. ನೀರಿನ ಕನೆಕ್ಷನ್, ಪೈಪಿನ ಗ್ಯಾಸ್ ಇದ್ದರ ಅದೂ. ಆಮ್ಯಾಲೆ ಬಾಗಿಲಾ, ಕಿಡಕಿ, ಗಾಜು. ನಂತರ ಹಂಚು, ಪಟ್ಟಿ, ಪಕಾಸಿ.

ಹಂಚಿನ ಛಾವಣಿ ಒಳಗ ಒಂದು ಎಚ್ಚರಿಕಿ. ಮುಂದಿನ ಇಳಿಜಾರು, ಹಿಂದಿನ ಇಳಿಜಾರು ಒಂದಕ್ಕೊಂದು ಆತುಗೊಂಡು ನಿಂತಿರ್ತಾವ. ಮುಂದಿನ ಪಕಾಸಿ ತೆಗೆದರ ನೆತ್ತಿ ತೊಲಿ ರಸ್ತೆ ಕಡೆ ವಾಲತೈತಿ. ಅದಕ್ಕ ನೆತ್ತಿ ತೊಲಿಗೆ ಮೊದಲ ಟೇಕು (ಆಸರಿ) ಕೊಟ್ಟು, ಎರಡೂ ಕಡೆ ಹಂಚು ಸಮ ಸಮ ಇಳಿಸಬೇಕು. ಒಂದ ಕಡೆ ಪೂರಾ ಖಾಲಿ ಮಾಡಬ್ಯಾಡ್ರಿ.

ಟೇಕು ಕೊಡೂದು ಕಬ್ಬಿಣದ ಜ್ಯಾಕಿನಿಂದ, 16 ಫೂಟಿನ ಗ್ವಾಡಿ ಹಿಂದಿನ ತೊಲಿಗೆ. ಮ್ಯಾಲಿನ ಮನಿ ಟೇಕಿನ ಕೆಳಗ ಸರಿಯಾಗಿ ಕೆಳಗಿನ ಮನಿ ಟೇಕು ಬರಬೇಕು, ಒಂದ ಗೆರಿಯೊಳಗ. ಫರಸಿ ಮ್ಯಾಲ ಜ್ಯಾಕು ನಿಲ್ಲಿಸಿದರ ಫರಸಿ ಒಡದು ಜ್ಯಾಕು ಮಣ್ಣಿಗೆ ಇಳೀತೈತಿ. ಕೆಳಗ 9 ಇಂಚು ಅಗಲ, 3 ಇಂಚು ದಪ್ಪದ ಹಲಗಿ ಹಾಸಬೇಕು. ದಿನಾ ಮುಂಜಾನೆ ಜ್ಯಾಕು ಕೈಲೆ ಅಲುಗಿಸಿ ನೋಡೂದು, ಸಡ್ಲ ಆಗಿದ್ದರ ತಿರುವೂದು.

ಇದಾದ ಮ್ಯಾಲ ಬಿಡಿಸಿಗೊಳ್ಳೂದು. ಹೋಗೂ ಭಾಗಕ್ಕೂ ಉಳಿಯೂ ಭಾಗಕ್ಕೂ ನಡುವ ಒಂದು ಫೂಟು ಅಗಲ ಮ್ಯಾಲಿಂದ ಕೆಳಗಿನ ತನಕ ಕೈಲೆ ಒಡದು ಸಂದು ಮಾಡಬೇಕು. ಒಂದ ತೊಲಿ ಎರಡೂ ಭಾಗಕ್ಕ ಹಾದು ಹೋಗಿದ್ದರ ಗರಗಸದಿಂದ ಕೊಯ್ದು ಬಿಡಸಬೇಕು. ಇದು ಆಗದ ಮಶಿನ್ ಮುಟ್ಟಿದರ, ಬಕೇಟು ಮುಂದಿನ ಗ್ವಾಡಿ ಎಳದಾಗ ತೊಲಿ ಹಿಂದಿನ ಗ್ವಾಡಿನೂ ಕೂಡೇ ಎಳೀತೈತಿ. ಜಂಟಿ ಗ್ವಾಡಿ ಇದ್ದಲ್ಲೆ ಅಂತೂ ಮಶಿನ್ ಪೂರಾ ಬಂದ್. ನೆರಿಯವರ ತೊಲಿ ತುದಿ ಆ ಗ್ವಾಡಿಯೊಳಗ ಕುಂತಿರ್ತೈತಿ. ನಿಮ್ಮ ಗರ್ಡರ್ ತುದಿ ತೆಗೆದ ತೂತು ಅವತ್ತ ಕಲ್ಲು, ಸುಣ್ಣದ ಗಾರಿಲೆ ತುಂಬಬೇಕು, ನಾಳೆ ಅನಬ್ಯಾಡ್ರಿ.

ಕಮಾನು ಒಡಿಯೂದು ಒಂದು ಕಡಿಂದ, ಮಂದಿ ಹಲಗಿ ಮ್ಯಾಲ ನಿಂತು. ಹಲಗಿ ಗರ್ಡರ್ ಮ್ಯಾಲ ಕುಂದಿರಬೇಕು, ಕಮಾನಿನ ಮ್ಯಾಲ ಅಲ್ಲ. ಮ್ಯಾಲಿನ ಗಚ್ಚು ಪೂರಾ ತೆಗದು ಭಾರ ಕಡಿಮಿ ಮಾಡಿದ ಮ್ಯಾಲ ಇಟ್ಟಂಗಿಗೆ ಕೈ ಹಚ್ಚೂದು. ಒಡದ ಕಲ್ಲು-ಮಣ್ಣು ಮ್ಯಾಲಿನ ಮನಿಯೊಳಗ ಗುಡ್ಡಿ ಹಾಕಬಾರದು.

ಲೆಕ್ಕ ಹೇಳಬೇಕಂದ್ರ, ಜಂಟಿ ಗ್ವಾಡಿ ಬಿಟ್ಟು 16 ಫೂಟಿನ ತನಕ ತೆಗೆದರ ಮುಂದಿನ ಗ್ವಾಡಿ (20 ಫೂಟು ಎತ್ತರ ಹಿಡದು, ಬಾಗಿಲಾ ಕಿಡಕಿ ಕಳದು) 540 ಘನ ಫೂಟು, ನಡುಗ್ವಾಡಿ 260, ಕಮಾನು ಗಚ್ಚು ಕೂಡಿ 345. ಒಡದ ಮ್ಯಾಲ ಉಬ್ಬಿ 1,600 ಘನ ಫೂಟು, ಅಂದ್ರ 16 ಬ್ರಾಸ್, 70 ಟನ್ ಆಸುಪಾಸು. ಚಲೋ ಕಲ್ಲು ಆರಿಸಿ ತೆಗೆದಿಟ್ಟರ ಸಾಗಸೂದು ಕಡಿಮಿ ಆಗತೈತಿ. ಗರ್ಡರ್ ಆರು. ಆರು ಇಂಚಿನವಾದರ ಮೀಟರಿಗೆ 15 ಕಿಲೋ ಹಿಡದು ಒಟ್ಟು 370 ಕಿಲೋ.

ಕಟ್ಟಿಗಿ ಅಳತಿ ನೀವ ಮಾಡ್ರಿ. ಅಗಲ ಇಂಚು ಗುಣಿಸು ದಪ್ಪ ಇಂಚು ಗುಣಿಸು ಉದ್ದ ಫೂಟು, ಭಾಗಿಸು 144. ಎಂಟು-ಹತ್ತು ಇಂಚಿನ 12 ಫೂಟಿನ ತೊಲಿ ಅಂದ್ರ ಆರೂಮುಕ್ಕಾಲು ಘನ ಫೂಟಿಗೆ ಸ್ವಲ್ಪ ಕಡಿಮಿ. ತೂತು, ಮೊಳಿ, ಒರಲಿ ತಿಂದ ತುದಿ ಕಳದು ಐದನೇ ಒಂದು ಭಾಗ ಬಿಡ್ರಿ. ‘ಕೂಲಿ ಬ್ಯಾಡ, ಸಾಮಾನು ನಂದು’ ಅಂತ ಒಟ್ಟಾರೆ ಗುತ್ತಿಗಿ ಮಾತಾಡಬ್ಯಾಡ್ರಿ. ಅಂಥವ ಸಾಗವಾನಿ ಮೊದಲ ಎಳಕೊಂಡು ಹೋಗ್ತಾನ, ಟೇಕು ಕೊಡೂದರಾಗ ಉಳಸ್ತಾನ. ಕೂಲಿ ಬ್ಯಾರೆ, ಸಾಮಾನು ಬ್ಯಾರೆ.

---

ಹೊಸ_ಬಡಾವಣೆ

ಇಷ್ಟೆಲ್ಲ ರಗಳೆ ಯಾಕೆ? ಪೂರ್ತಿ ಕೆಡವಿ, ಉಳಿದ 49 ಫೂಟಿನಲ್ಲಿ ಆರ್‌ಸಿಸಿ ಕಾಂಪ್ಲೆಕ್ಸ್ ಕಟ್ಟಿದರೆ ಬಾಡಿಗೆ ಚೆನ್ನಾಗಿ ಬರುತ್ತದೆ. ಹಳೇ ಕಟ್ಟಡಕ್ಕೆ ಬ್ಯಾಂಕಿನವರು ಸಾಲವನ್ನೂ ಸುಲಭಕ್ಕೆ ಕೊಡಲ್ಲ.

---

ಸಿವಿಲ್_ಧಾರವಾಡ

ಸಾಲದ ಮಾತು ನಿಜ. ಆದರೆ ಪೂರ್ತಿ ಕೆಡವಿದ ಕ್ಷಣ ಅದು ಹೊಸ ಕಟ್ಟಡದ ಪರವಾನಿಗೆಗೆ ಬರುತ್ತದೆ. ಹೊಸ ರಸ್ತೆ ಅಂಚಿನಿಂದ ಸೆಟ್‌ಬ್ಯಾಕ್, ಹಿಂದೆ ಗಾಳಿ-ಬೆಳಕಿಗೆ ಜಾಗ, ವಾಣಿಜ್ಯ ಅಂದಮೇಲೆ ಪಾರ್ಕಿಂಗ್, ಎಲ್ಲ ಬಿಡಬೇಕು. 24 ಫೂಟು ಅಗಲದ, ಎರಡೂ ಕಡೆ ಜಂಟಿ ಗೋಡೆಯ ಜಾಗದಲ್ಲಿ ಇವೆಲ್ಲ ಕಳೆದರೆ ನೆಲಮಟ್ಟದಲ್ಲಿ ಉಳಿಯೋದು, ಮುಂದಿನ 16 ಫೂಟು ತೆಗೆದ ಮೇಲೂ ನಿಲ್ಲುವ 24ಕ್ಕೆ 44 ಫೂಟಿಗಿಂತ ಬಹಳ ಕಡಿಮೆ. ಕೆಡವುವ ನಿರ್ಧಾರಕ್ಕೆ ಮುಂಚೆ ಆರ್ಕಿಟೆಕ್ಟ್ ಕಡೆ ಬರೀ ಒಂದು ಹಾಳೆಯ ಸ್ಕೆಚ್ ಮಾಡಿಸಿ, ಪಾಲಿಕೆಯ ವಲಯ ಕಚೇರಿಯಲ್ಲಿ ತೋರಿಸಿ ಕೇಳ್ರಿ. ಪೇಟೆಯಲ್ಲಿ ಹಳೇದನ್ನು ಉಳಿಸಿಕೊಳ್ಳೋದೇ ಎಷ್ಟೋ ಸಲ ಲಾಭದ ಲೆಕ್ಕ.

ಯೋಜನೆಯೇ ಬದಲಾಗುತ್ತಿದೆ ಅನ್ನೋದೂ ಮುಖ್ಯ. ಅವಳಿ ನಗರದ ಬಿ.ಆರ್.ಟಿ.ಎಸ್. ಕಾರಿಡಾರ್ ಸುಮಾರು 22 ಕಿಲೋಮೀಟರ್, ಅದಕ್ಕಾಗಿ ರಸ್ತೆ ಕೆಲವೆಡೆ 35, ಕೆಲವೆಡೆ 44 ಮೀಟರಿಗೆ ಅಗಲವಾಯಿತು. ಅದರ ‘ಚಿಗರಿ’ ಬಸ್ಸುಗಳು 2018ರ ಅಕ್ಟೋಬರಿನಲ್ಲಿ ಓಡಲು ಶುರುವಾಗಿ 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ಇಷ್ಟು ಬೇಗ ಅದರ ಜಾಗಕ್ಕೆ ಬೇರೆ ವ್ಯವಸ್ಥೆಯ ಮಾತು ಎದ್ದಿದೆ. ಒಡೆದ ಕಟ್ಟಡ ಮಾತ್ರ ನಕ್ಷೆ ಬದಲಾದರೆ ಮರಳಿ ಬರಲ್ಲ. ಇವತ್ತು ಕಾಂಪ್ಲೆಕ್ಸಿಗೆ ಹಣ ಸುರಿದು, ನಾಳೆ ಅದರ ಮುಂದೆಯೇ ಫ್ಲೈಓವರ್ ಇಳಿಜಾರು ಬಂದರೆ ಬಾಡಿಗೆಯ ಲೆಕ್ಕವೂ ತಲೆಕೆಳಗಾಗುತ್ತದೆ.

---

ಪೇಟೆ_ಅಂಗಡಿ

ಎಲ್ಲರಿಗೂ ಶರಣು. 16ರ ತನಕ ತೆಗೆದರೆ ಅಡ್ಡಗೋಡೆಯೇ ಹೊಸ ಮುಖ ಆಗುತ್ತದೆ. ಅದು ಒಳಗಿನ ಗೋಡೆ, ಮಳೆ ಕಂಡಿಲ್ಲ. ಹಾಗೇ ಬಿಡಬಹುದೇ? ಮೇಲಿನ ಮನೆಯನ್ನು ಗೋದಾಮಿಗೆ ಕೇಳುತ್ತಿದ್ದಾರೆ.

---

ಸಿವಿಲ್_ಧಾರವಾಡ

ಹಾಗೇ ಬಿಡಬಾರದು. ಮಣ್ಣಿನ ಗಾರೆಯ ಗೋಡೆಗೆ ಒಂದು ಮಳೆಗಾಲ ನೇರ ಹೊಡೆದರೆ ಕಲ್ಲಿನ ನಡುವಿನ ಮಣ್ಣು ತೊಳೆದುಹೋಗಿ ಹೊಟ್ಟೆ ಬಿಡುತ್ತದೆ. ಕೆಲಸ ನವೆಂಬರ್-ಫೆಬ್ರುವರಿ ನಡುವೆ ಇಟ್ಟುಕೊಳ್ರಿ. ಸಂದುಗಳನ್ನು ಒಂದು ಇಂಚು ಕೆರೆದು ಸುಣ್ಣದ ಗಾರೆ ತುಂಬಿ, ಮೇಲೆ ಸುಣ್ಣ ಒಂದು ಪಾಲು, ಉಸುಕು ಮೂರು ಪಾಲಿನ ಗಿಲಾವು ಎರಡು ಪದರ. ಸಿಮೆಂಟ್ ಗಿಲಾವು ಬೇಡವೇ ಬೇಡ. ಒಳಗಿನ ತೇವ ಹೊರಬರಲು ದಾರಿ ಸಿಗದೆ ಎರಡು-ಮೂರು ವರ್ಷದಲ್ಲಿ ಹಾಳೆ ಹಾಳೆಯಾಗಿ ಬಿಡುತ್ತದೆ. ಸೂರು ಕನಿಷ್ಠ ಎರಡು ಫೂಟು ಮುಂದೆ ಚಾಚಿರಲಿ.

ಹೊಸ ಮುಖದ ಬಾಗಿಲಿಗೆ ಆ ಗೋಡೆಯನ್ನು ಅಗಲಕ್ಕೆ ಒಡೆಯೋದಿದ್ದರೆ ಕಂಬ-ಬೀಮಿನ ಚೌಕಟ್ಟು ಬೇಕು, ಚೌಕಟ್ಟಿಗೆ ಬುನಾದಿ ಬೇಕು. ಹುಬ್ಬಳ್ಳಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಉಬ್ಬುತ್ತದೆ. ಮೊದಲು ಒಂದು ಗುಂಡಿ ತೋಡಿ ಗರಸು ಎಷ್ಟು ಆಳದಲ್ಲಿದೆ ನೋಡ್ರಿ. ಆಳ ಹೆಚ್ಚಿದ್ದರೆ ಅಂಡರ್‌ರೀಮ್ ಪೈಲ್ (ಬುಡದಲ್ಲಿ ಗಡ್ಡೆಯಂತೆ ಅಗಲವಾದ, ನೆಲದೊಳಗಿನ ಕಾಂಕ್ರೀಟ್ ಕಂಬ) ಒಳ್ಳೇದು. 250-300 ಎಂ.ಎಂ. ವ್ಯಾಸ, ಮೂರೂವರೆ ಮೀಟರ್ ಆಸುಪಾಸು ಆಳ, ಕೆಳಗಿನ ಗಡ್ಡೆ ವ್ಯಾಸದ ಎರಡೂವರೆ ಪಟ್ಟು. ಮೇಲಿನ ಬೀಮಿನ ಕೆಳಗೆ 75 ಎಂ.ಎಂ. ಖಾಲಿ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಹಳೇ ಗೋಡೆಯ ಪಕ್ಕ ಉದ್ದಕ್ಕೆ ಅಗೆಯಬೇಡ್ರಿ. ನಾಲ್ಕು ಫೂಟು ಅಗೆದು ತುಂಬಿ, ಒಂದು ತುಂಡು ಬಿಟ್ಟು ಮುಂದಿನದು.

ಗೋದಾಮು ಬೇಡ. ವಾಸಕ್ಕೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 200 ಕಿಲೋ, ತರಗತಿಗೆ 300, ಗೋದಾಮಿಗೆ ಕನಿಷ್ಠ 750. ನಾಲ್ಕು-ಐದು ಇಂಚಿನ ಸಾಗವಾನಿ ಜಂತಿ ಒಂದೂವರೆ ಫೂಟಿಗೆ ಒಂದರಂತೆ, 8 ಫೂಟಿನ ಹರವಿಗೆ ಇದ್ದರೆ ತರಗತಿಯ ಭಾರ ಹೊರುತ್ತದೆ. ಟ್ಯೂಶನ್, ಟೈಲರಿಂಗ್, ಆಫೀಸು, ಕ್ಲಿನಿಕ್ಕು ಆಗುತ್ತವೆ. ಆದರೆ ತೊಲೆಯ ತುದಿಗಳನ್ನು ಗೋಡೆ ಬಿಡಿಸಿ ದಬ್ಬಣದಿಂದ ಚುಚ್ಚಿ ನೋಡ್ರಿ. ಅರ್ಧ ಇಂಚಿಗಿಂತ ಸಲೀಸಾಗಿ ಒಳಗೆ ಹೋದರೆ ಆ ತುದಿಗೆ ಎರಡೂ ಕಡೆ ಕಬ್ಬಿಣದ ಚಾನಲ್ ಕೊಟ್ಟು ಬೋಲ್ಟು ಹಾಕಬೇಕು.

---

ಉತಾರ_ಕಾಗದ

ಬಳಕೆಯ ಬಗ್ಗೆ ಒಂದು ಮಾತು. ರಸ್ತೆ ಅಗಲವಾದ ಮೇಲೆ ಮುಂದೆ ಲಾರಿ ನಿಲ್ಲಿಸಿ ಸರಕು ಇಳಿಸಲು ಆಗಲ್ಲ. ನಡುರಸ್ತೆಗೆ ಕಟಾಂಜನ ಬಂದರೆ ಎದುರಿನ ಬದಿಯ ಗಿರಾಕಿಯೂ ದಾಟಿ ಬರಲ್ಲ. ಹಾರ್ಡ್‌ವೇರ್, ಕಿರಾಣಿ ಸಗಟು ಇಂಥವು ಅಲ್ಲಿ ಬಾಳಲ್ಲ. ನಡೆದು ಬರುವ ಜನರನ್ನು ನಂಬಿದ ವ್ಯಾಪಾರ ನಡೆಯುತ್ತದೆ.

ಹಳೇದನ್ನು ಉಳಿಸಿ ಬಳಸಿದ್ದನ್ನು ಕಣ್ಣಾರೆ ನೋಡಬೇಕಂದರೆ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಹೋಗಿ ಬನ್ರಿ. ಮಲಪ್ರಭಾ, ಘಟಪ್ರಭಾ ಅನ್ನುವ ಎರಡು ಹಳೇ ರೈಲ್ವೆ ಕಾಟೇಜುಗಳನ್ನು ಕೆಡವದೆ 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ಇನ್ನು ನಕ್ಷೆ ಕೇಳುವಾಗ ಅಗಲ ಅಷ್ಟೇ ಕೇಳಬೇಡ್ರಿ. ನಿಮ್ಮ ಬಾಗಿಲ ಮುಂದೆ ಮುಗಿದ ರಸ್ತೆಯ ಮಟ್ಟ ಎಷ್ಟು, ಗಟಾರದ ತಳ ಎಷ್ಟು ಅಂತ ಬರಹದಲ್ಲಿ ಕೇಳ್ರಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಾದರೂ ಸರಿ. ರಸ್ತೆ ನಿಮ್ಮ ಹೊಸ್ತಿಲಿಗಿಂತ ಮೇಲೆ ಬಂದರೆ ಮಳೆನೀರು ಮಳಿಗೆಯೊಳಗೇ ನಿಲ್ಲೋದು. ಅದು ಗೊತ್ತಾದ ಮೇಲೆ ನೆಲದ ಮಟ್ಟ ನಿಗದಿ ಮಾಡ್ರಿ.

---

ಗೌಂಡಿ_ಕೆಲಸ

ಕಾಯೂ ದಿನದಾಗ ಮಾಡೂದು ಒಂದೈತಿ. ಗ್ವಾಡಿ ಒಳಗ ಈಗ ಎಲ್ಲೆಲ್ಲಿ ಬಿರುಕು ಅದಾವ, ಅದರ ಮ್ಯಾಲ ಅಡ್ಡ ಒಂದು ಗಾಜಿನ ಪಟ್ಟಿ ಎರಡೂ ತುದಿಗೆ ಸಿಮೆಂಟ್ ಹಚ್ಚಿ ಕುಂಡ್ರಸ್ರಿ, ತಾರೀಖು ಬರದು ಫೋಟೋ ತಗೀರಿ. ರಸ್ತೆ ಕೆಲಸ ಶುರುವಾಗಿ ವೈಬ್ರೇಟರ್ ರೋಲರ್ ಓಡಿದಾಗ ಗಾಜು ಒಡೆದರ ಗ್ವಾಡಿ ಸರದೈತಿ ಅಂತ ಅರ್ಥ. ಅವತ್ತ ಬರದು ಕೊಡ್ರಿ, ಹಳೇ ಬಿರುಕು ಅಂತ ಹೇಳಾಕ ಅವರಿಗೆ ಬರೂದಿಲ್ಲ. ನೆರಿಯವರ ಗ್ವಾಡಿಗೂ ಅವರ ಮುಂದನ ಹಚ್ಚಿ ಸಹಿ ತಗೋರಿ.